ಹೊರಟು ನಿಂತ ಮಗಳಿಗೆ

ಚಿ. ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನಾಳೆ ನೀನು ಹೊಸ ಕೆಲಸಕ್ಕೆ ಹೊರಡುತ್ತೀಯೆ. ನಿನ್ನ ಕಿಡ್ನಿಗಳು ಮಾಡಲಾರದ ರಕ್ತಶೋಧನೆಯನ್ನು, ಅಂದರೆ ಡಯಾಲಿಸಿಸ್ ಅನ್ನು, ಆಸ್ಪತ್ರೆಯಲ್ಲಿ ಮಾಡಿಸುವುದೋ ಮನೆಯಲ್ಲೇ ಮಾಡಿಕೊಳ್ಳುವುದೋ ಎಂಬ ನಿನ್ನೆಯ ಜಗಳವನ್ನು ಮತ್ತೆ ಎತ್ತುವುದಿಲ್ಲ. "ವಾರಕ್ಕೆ ಮೂರು ದಿನ ಯಂತ್ರಕ್ಕೆ, ಉಳಿದ ದಿನ ಅದರ ಸುಸ್ತಿಗೆ ಕೊಟ್ಟ ಮೇಲೆ ನನಗೆ ಉಳಿಯುವುದೇನಪ್ಪಾ?" ಎಂದೆಯಲ್ಲ, ಆಗ ನನಗೆ ಉತ್ತರ ಹೊಳೆಯಲಿಲ್ಲ.

ಯಂತ್ರದ ಮೂಲಕ ರಕ್ತ ಹರಿಸಿ ಶೋಧಿಸುವ ಆಸ್ಪತ್ರೆಯ ಹಿಮೋಡಯಾಲಿಸಿಸ್ಸೇ ಇರಲಿ ಎಂದು ನಾನು ಹಟ ಹಿಡಿದದ್ದು ಅದು ಹೆಚ್ಚಿನದೆಂದು ಅಲ್ಲ. ಆಯುಷ್ಯದ ಮಟ್ಟಿಗೆ ಎರಡೂ ವಿಧಾನಗಳ ನಡುವೆ ಒಟ್ಟಾರೆ ದೊಡ್ಡ ಅಂತರವಿಲ್ಲವೆಂದು ವೈದ್ಯರು ಹೇಳಿದಾಗ ನಾನೂ ಅಲ್ಲಿಯೇ ಇದ್ದೆ. ಅಲ್ಲಿ ಸೂಜಿ ಚುಚ್ಚುವವರು, ರಕ್ತದೊತ್ತಡ ನೋಡುವವರು ಕೂಗಳತೆಯಲ್ಲಿ ಇರುತ್ತಾರೆಂಬ ಧೈರ್ಯ ನನಗೆ ಬೇಕಿತ್ತು. ಆದರೆ ಎರಡು ಮೂರು ದಿನ ಮೈಯಲ್ಲಿ ಕೂಡಿಕೊಂಡ ನೀರನ್ನು ನಾಲ್ಕೇ ಗಂಟೆಯಲ್ಲಿ ತೆಗೆಯುವಾಗ ರಕ್ತದೊತ್ತಡ ಇಳಿದು, ಮೀನಖಂಡ ಸೆಡೆತುಕೊಂಡು, ಸಂಜೆಯೆಲ್ಲ ತಲೆ ಎತ್ತಲಾಗದೆ ಮಲಗುತ್ತಿದ್ದವಳು ನೀನು, ನಾನಲ್ಲ. ಹೊಟ್ಟೆಯೊಳಗೆ ದ್ರವ ತುಂಬಿ ಅಲ್ಲಿನ ಪೊರೆಯ ಮೂಲಕ ಶೋಧಿಸುವ, ನೀನು ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ಶೋಧನೆ ಪ್ರತಿದಿನ ನಿಧಾನವಾಗಿ ನಡೆಯುವುದರಿಂದ ಈ ಏರಿಳಿತ ಕಡಿಮೆ; ಪೊಟ್ಯಾಸಿಯಂ ಪಥ್ಯವೂ ತುಸು ಸಡಿಲವಾಗಬಹುದು. ನೀನೇ ಓದಿ, ತರಬೇತಿ ಮುಗಿಸಿ ತೀರ್ಮಾನ ಮಾಡಿದ್ದೀಯೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ನಿನ್ನೆ ಅದನ್ನು ಹೇಳದೆ ಬರೀ ವಾದ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ.

ನನ್ನ ಭಯ ಒಂದೇ: ಹೊಟ್ಟೆಯ ಪೊರೆಗೆ ಸೋಂಕು ತಗಲುವುದು. ಹೊಟ್ಟೆಗೆ ಹಾಕಿದ ಕ್ಯಾತಿಟರ್ ಎಂಬ ನಳಿಕೆಯಿಂದ ದ್ರವ ಬದಲಿಸುವುದು ದಿನಕ್ಕೆ ನಾಲ್ಕು ಸಲವೆಂದರೆ ವರ್ಷಕ್ಕೆ 1460 ಸಲ ಆ ಕ್ಯಾತಿಟರ್‌ನ ಬಾಯಿ ತೆರೆಯುತ್ತದೆ, ಅಷ್ಟೂ ಸಲ ನಿನ್ನ ಕೈ ಶುದ್ಧವಾಗಿರಬೇಕು. ಆಯಾಸವಾದ ದಿನವೂ, ಕೆಲಸಕ್ಕೆ ತಡವಾದ ದಿನವೂ ಮಾಸ್ಕ್ ಹಾಕಿಕೊಂಡು, ಫ್ಯಾನ್ ಆರಿಸಿ, ಸೋಪಿನಿಂದ ಕೈ ತೊಳೆದು ಒಣಗಿಸಿಕೊಂಡೇ ಮುಟ್ಟು. ಹೊರಬಂದ ದ್ರವದ ಚೀಲವನ್ನು ಪ್ರತಿಸಲವೂ ಬೆಳಕಿಗೆ ಹಿಡಿದು ನೋಡು. ಅದರ ಹಿಂದೆ ಹಿಡಿದ ಕಾಗದದ ಅಕ್ಷರ ಓದಲು ಬರುವಷ್ಟು ತಿಳಿಯಾಗಿರಬೇಕು. ಮಬ್ಬಾಗಿದ್ದರೆ ನೋವಿಲ್ಲ, ಜ್ವರವಿಲ್ಲ ಎಂದು ಬೆಳಗಿನವರೆಗೆ ಕಾಯಬೇಡ, ಆ ಚೀಲವನ್ನೇ ಎತ್ತಿಕೊಂಡು ಆಸ್ಪತ್ರೆಗೆ ಹೋಗು. ಸೋಂಕು ಮತ್ತೆ ಮತ್ತೆ ಬಂದರೆ ಪೊರೆ ಶೋಧಿಸುವ ಶಕ್ತಿಯನ್ನೇ ಕಳೆದುಕೊಳ್ಳಬಹುದು, ಆಗ ನೀನು ಬೇಡವೆಂದ ಯಂತ್ರಕ್ಕೇ ಮರಳಬೇಕಾಗುತ್ತದೆ. ತರಬೇತಿಯಲ್ಲಿ ಇದನ್ನೆಲ್ಲ ಕಲಿತವಳು ನೀನೇ ಎಂದು ಗೊತ್ತು. ಆದರೂ ಹೇಳುತ್ತೇನೆ, ಚೀಲವನ್ನು ಬೆಳಕಿಗೆ ಹಿಡಿಯದೆ ಚೆಲ್ಲಬೇಡ.

ಇನ್ನೊಂದು ಮಾತು. ಕಿಡ್ನಿ ಹೊರಹಾಕಬೇಕಾದ ಕಶ್ಮಲ ಕ್ರಿಯಾಟಿನಿನ್ ಎಷ್ಟೆಂದು ರಕ್ತ ಪರೀಕ್ಷೆ ಹೇಳುತ್ತದೆ; ನಿದ್ರೆ ಬರುತ್ತಿಲ್ಲ, ಮೈ ತುರಿಸುತ್ತದೆ, ಮನಸ್ಸು ಕುಗ್ಗಿದೆ ಎಂಬುದನ್ನು ನೀನೇ ಬಾಯಿಬಿಟ್ಟು ಹೇಳಬೇಕು. ಹೊಟ್ಟೆಯ ಮೇಲೆ ನಳಿಕೆ ಇಟ್ಟುಕೊಂಡು ಬದುಕುವ ಸಂಕೋಚವೂ ಕಾಯಿಲೆಯ ಭಾಗವೇ, ಅದನ್ನು ಮುಚ್ಚಿಡಬೇಡ. ಈ ಚಿಕಿತ್ಸೆಗೆ ರಜೆಯ ದಿನವೆಂಬುದಿಲ್ಲ, ಬೇಸತ್ತು ಹೋಗುವುದು ಸಹಜ. ಹಾಗಾದರೆ ರಾತ್ರಿ ಮಲಗಿದಾಗ ತಾನೇ ದ್ರವ ಬದಲಿಸುವ ಯಂತ್ರದ ಬಗ್ಗೆ ಕೇಳು, ಅದೂ ಒಗ್ಗದಿದ್ದರೆ ಹಿಮೋಡಯಾಲಿಸಿಸ್‌ಗೆ ಬಂದರಾಯಿತು. ಆ ದಿನ ನಾನು "ಹೇಳಿರಲಿಲ್ಲವೇ" ಎನ್ನುವುದಿಲ್ಲ.

ಕಿಡ್ನಿ ಕಸಿ ಮಾಡಿಸಿಕೊಂಡವರ ಬದುಕೇ ಸಾಮಾನ್ಯವಾಗಿ ಹೆಚ್ಚು ಹಗುರವೆಂದು ಎಲ್ಲರೂ ಹೇಳುತ್ತಾರೆ, ಅಲ್ಲಿಯೂ ಜೀವಮಾನವಿಡೀ ಮಾತ್ರೆ ತಪ್ಪಿದ್ದಲ್ಲವಾದರೂ. ಕ್ರಾಸ್‌ಮ್ಯಾಚ್ (ನಿನ್ನ ರಕ್ತ ನನ್ನ ಕಿಡ್ನಿಯನ್ನು ತಿರಸ್ಕರಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ಹೊಂದದೆ ನನ್ನ ಕಿಡ್ನಿ ನಿನಗೆ ಬಾರದೆ ಹೋದದ್ದನ್ನು ನಾನು ಇನ್ನೂ ನುಂಗಿಕೊಂಡಿಲ್ಲ. ಕಾಯುವ ಪಟ್ಟಿಯಲ್ಲಿ ನಿನ್ನ ಹೆಸರಿದೆ. ಫೋನ್ ಸಂಖ್ಯೆ ಬದಲಾದರೆ ಅಂದೇ ಅವರಿಗೆ ತಿಳಿಸು.

ದ್ರವದ ಪೆಟ್ಟಿಗೆಗಳು ಹೊಸ ಮನೆಗೆ ತಲುಪಿವೆಯೇ ಎಂದು ಹೊರಡುವ ಮುನ್ನವೇ ಖಚಿತ ಮಾಡಿಕೋ. ತಲುಪಿರದಿದ್ದರೆ ಪ್ರಯಾಣವನ್ನು ಒಂದು ದಿನ ಮುಂದೂಡು.

ಇಂತಿ ನಿನ್ನ ಅಪ್ಪ