ಬರೇಸಿ ಒದ್ದ ಪೆನಾಲ್ಟಿ ಯಾರಿಗೆ ನೆನಪಿದೆ?

ಲೋ ಕಿಟ್ಟಿ,

ಫೋನ್ ಮಾಡಿದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಪತ್ರ. ನಾಲ್ಕು ಜನರೂ ಓದಲಿ. ಹೆದರಬೇಡ, ಚಿಕ್ಕಮಗಳೂರು ಬಸ್ಸಿನ ವಿಷಯ ಎತ್ತುವುದಿಲ್ಲ.

ಮೊನ್ನೆ ನಿದ್ದೆ ಬಾರದೆ 1994ರ ಫುಟ್‌ಬಾಲ್ ವರ್ಲ್ಡ್ ಕಪ್ ಫೈನಲ್ ಹಾಕಿಕೊಂಡು ಕೂತಿದ್ದೆ. ಇಟಲಿ, ಬ್ರೆಜಿಲ್, ಪ್ಯಾಸಡೀನಾದ ಸುಡು ಬಿಸಿಲು. ನೀನು ಯಾವಾಗಲೂ ಇಟಲಿಗೆ ಗೋಲು ಹೊಡೆಯುವ ಬಾಜೊ ಪಾರ್ಟಿ. ನಾನು ಈ ಸಲ ಅದೇ ತಂಡದಲ್ಲಿ ಹಿಂದೆ ನಿಂತು ಗೋಲು ತಡೆಯುವ ಡಿಫೆಂಡರ್ ಫ್ರಾಂಕೊ ಬರೇಸಿಯನ್ನೇ ನೋಡುತ್ತಾ ಕೂತೆ. 34 ವರ್ಷ. ನಾರ್ವೆ ವಿರುದ್ಧ ಮಂಡಿ ಕೈಕೊಟ್ಟು ಆಪರೇಷನ್ ಆಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಆದರೂ 120 ನಿಮಿಷ ಬ್ರೆಜಿಲ್‌ನ ರೊಮಾರಿಯೊಗೂ ಬೆಬೆಟೊಗೂ ಒಂದೇ ಒಂದು ಗೋಲು ಸಿಗಲಿಲ್ಲ. ಅವನೇನು ದೈತ್ಯ ಅಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೊದಲೇ ಹೋಗಿ ನಿಂತಿರುತ್ತಾನೆ, ಅಷ್ಟೇ. ಕೈ ಮೇಲೆತ್ತಿ ಎರಡು ಹೆಜ್ಜೆ ಮುಂದೆ ಬಂದ ಅಂದರೆ ಹಿಂದಿನ ಸಾಲು ಪೂರ್ತಿ ಮುಂದೆ ಬರುತ್ತದೆ. ಎದುರಾಳಿ ಆ ಸಾಲಿನ ಆಚೆ ಸಿಕ್ಕಿಕೊಂಡು, ಆಫ್‌ಸೈಡ್ ತಪ್ಪಿಗೆ ಪೆಚ್ಚಾಗಿ ನಿಂತಿರುತ್ತಾನೆ.

ಎರಡೂ ಕಡೆ ಗೋಲಿಲ್ಲ, ಆಮೇಲೆ ಪೆನಾಲ್ಟಿ. ಮೊದಲು ಒದ್ದವನು ಬರೇಸಿ. ಬಾರ್ ಮೇಲೆ ಹೋಯಿತು. ಕೊನೆಯಲ್ಲಿ ಬಾಜೊ ಒದ್ದದ್ದೂ ಹಾಗೇ ಹೋಯಿತು. ಜಗತ್ತಿಗೆ ನೆನಪಿರುವುದು ಬಾಜೊ ಮಾತ್ರ. ಸೋಲಿನಲ್ಲೂ ಡಿಫೆಂಡರ್‌ಗೆ ಪಾಲಿಲ್ಲ ಕಣೋ!

ಬರೇಸಿ ಹುಡುಗನಾಗಿದ್ದಾಗ, ಅವನ ಅಣ್ಣ ಜೂಸೆಪ್ಪೆಯನ್ನು ಸೇರಿಸಿಕೊಂಡ ಮಿಲಾನ್ ಊರಿನ ಇಂಟರ್ ಕ್ಲಬ್ ಇವನನ್ನು ಬೇಡ ಅಂದಿತ್ತು. ಅದೇ ಊರಿನ ಎ.ಸಿ. ಮಿಲಾನ್ ಸೇರಿದ. ಅಪ್ಪ ಅಮ್ಮ ಇಬ್ಬರೂ ಹದಿಹರೆಯದಲ್ಲೇ ಹೋಗಿದ್ದರು. ಮಿಲಾನ್ ಎರಡು ಸಲ ಕೆಳಗಿನ ಡಿವಿಷನ್‌ಗೆ ಬಿದ್ದಾಗಲೂ ಬಿಟ್ಟು ಹೋಗಲಿಲ್ಲ. 1997ರಲ್ಲಿ ಆಟ ನಿಲ್ಲಿಸುವವರೆಗೂ ಅಲ್ಲೇ. 1993–94ರ ಲೀಗಿನಲ್ಲಿ ಅವರು 34 ಮ್ಯಾಚಲ್ಲಿ ಹೊಡೆದದ್ದು ಬರೀ 36 ಗೋಲು, ಆದರೆ ಬಿಟ್ಟುಕೊಟ್ಟದ್ದು 15. ಲೀಗ್ ಗೆದ್ದರು.

ನಮ್ಮಣ್ಣನೂ ಬಂದಿದ್ದ, ಗೊತ್ತಲ್ಲ. ಅಮ್ಮನಿಗೆ ಚಕ್ರ ಇರುವ ವಾಕರ್ ತಂದುಕೊಟ್ಟ. ಅಮ್ಮ ಬೀದಿಗೆಲ್ಲ ತೋರಿಸಿದಳು. ಒಳ್ಳೆಯ ವಾಕರೇ, ಸುಳ್ಳು ಹೇಳಬಾರದು. ರಾತ್ರಿ ಅವಳು ಬಾತ್‌ರೂಮಿಗೆ ಎದ್ದರೆ ಜೊತೆಗೆ ಏಳುವವನು ನಾನು. ಅವಳು ಬಿದ್ದಿಲ್ಲ. ಬೀಳದೇ ಇರುವುದನ್ನು ಬೀದಿಗೆ ಹೇಗೆ ತೋರಿಸುವುದು? ಅಣ್ಣ ಹಾಲ್‌ನಲ್ಲಿ ಕೂತಿದ್ದಾಗ ಒಮ್ಮೆ, ಅಮ್ಮ ಈಗ ಸ್ವಲ್ಪ ಜಾರಲಿ, ನಾನು ಹಿಡಿಯುವುದನ್ನು ಇವನು ನೋಡಲಿ ಅಂತ ಅನ್ನಿಸಿಬಿಟ್ಟಿತು. ಅಮ್ಮನ ವಿಷಯದಲ್ಲಿ ಕಣೋ, ಹಾಗನ್ನಿಸಿತು.

ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಅಣ್ಣ ಓದಿ ಕೇಳಿದರೆ ಕಥೆ ಬರೆದಿದ್ದಾನೆ ಅನ್ನು.

ಬರೇಸಿ ಪಕ್ಕ ನನ್ನನ್ನು ನಿಲ್ಲಿಸಿಕೊಳ್ಳುವಷ್ಟು ಕೊಬ್ಬೇನಿಲ್ಲ ಬಿಡು. ಹೈಸ್ಕೂಲಲ್ಲಿ ನನ್ನನ್ನು ಹಿಂದೆ ನಿಲ್ಲಿಸಿದ್ದು ನನಗೆ ಓಡಲು ಬರುತ್ತಿರಲಿಲ್ಲ ಅಂತ. ಪಿ.ಟಿ. ಮೇಷ್ಟ್ರು ಅದನ್ನು ಇಡೀ ಫೀಲ್ಡಿಗೆ ಕೇಳುವ ಹಾಗೆ ಹೇಳಿದ್ದರು. ಬರೇಸಿ ಹಾಕುತ್ತಿದ್ದ 6ನೇ ನಂಬರ್ ಜರ್ಸಿಯನ್ನು ಮಿಲಾನ್ ಆಮೇಲೆ ಯಾರಿಗೂ ಕೊಡಲಿಲ್ಲ. ನಾನು ಹಾಕುತ್ತಿದ್ದುದು ನಿನ್ನ ಜರ್ಸಿ. ಅದನ್ನು ನೀನು ಇನ್ನೂ ವಾಪಸ್ ಕೇಳುತ್ತಿದ್ದೀಯ. ಅದರಲ್ಲಿ ಈಗ ಸ್ಕೂಟರ್ ಒರೆಸುತ್ತೇನೆ. ಬೇಕಾದರೆ ಬಂದು ತಗೊಂಡು ಹೋಗು, ಒಗೆದು ಕೊಡುವುದಿಲ್ಲ.