ಸಿಮೆಂಟ್ ಪ್ಯಾಂಟಿನ ಮೇಷ್ಟ್ರು

ಲೋ ಮಾರಾಯ,

ಮೂರು ವಾರದಿಂದ ನಿನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಗೊತ್ತು. ಎಲ್ಲರ ಮುಂದೆ ಬರೀತಿರೋದು ಯಾಕಂದ್ರೆ ಜನ ನೋಡ್ತಿದ್ರೆ ನೀನು ಸ್ವಲ್ಪ ಕಮ್ಮಿ ಬೈತೀಯ. ಛತ್ರಿ ವಿಷಯ ಮಾತ್ರ ಎತ್ತಬೇಡ, ಅದು ಸೆಟ್ಲ್ ಆಗಿರೋ ಕೇಸು.

ಮೊನ್ನೆ ಲಾ ಕ್ಲಾಸಲ್ಲಿ ಅಮೆರಿಕದ ಕಪ್ಪು ಲಾಯರ್ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಬಗ್ಗೆ ಹೇಳ್ತಿದ್ದೆ. ಮೊದಲನೇ ಮಹಾಯುದ್ಧದಲ್ಲಿ ಆಫೀಸರ್ ಆಗಿ ಫ್ರಾನ್ಸಿಗೆ ಹೋಗಿ, ತನ್ನದೇ ಸೈನ್ಯದ ಬಿಳಿಯರ ಕೈಲಿ ಪಟ್ಟ ಅವಮಾನಕ್ಕೆ ರೋಸಿ, ಬದುಕಿ ವಾಪಸ್ ಹೋದ್ರೆ ಲಾ ಓದೋದೇ ಅಂತ ಹಠ ಹಿಡಿದ ಮನುಷ್ಯ. ಹಾರ್ವರ್ಡಲ್ಲಿ ಓದ್ದ, 1929ರಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನ ಓದ್ತಿದ್ದ ಹೋವರ್ಡ್ ಯೂನಿವರ್ಸಿಟಿ ಲಾ ಸ್ಕೂಲಿಗೆ ವೈಸ್ ಡೀನ್ ಆದ. ಅಲ್ಲಿ ಮಾಡಿದ್ದೇನು ಗೊತ್ತಾ, ಸಂಜೆ ಕ್ಲಾಸುಗಳನ್ನೇ ಮುಚ್ಚಿಸಿ ಫುಲ್‌ಟೈಮ್ ಹಗಲು ಕಾಲೇಜು ಮಾಡ್ಬಿಟ್ಟ. ಹಗಲು ದುಡಿದು ರಾತ್ರಿ ಓದ್ತಿದ್ದೋರ ಗತಿ? ನಂಗೆ ಇವತ್ತಿಗೂ ಅದು ಪೂರ್ತಿ ಸರಿ ಅನ್ಸಲ್ಲ. ಆದ್ರೆ 1931ರ ಹೊತ್ತಿಗೆ ಕಾಲೇಜಿಗೆ ಪೂರ್ತಿ ಮಾನ್ಯತೆ ಸಿಕ್ತು, ಮತ್ತೆ ಅವನ ಕಣ್ಣಿದ್ದದ್ದು ಮಾನ್ಯತೆ ಮೇಲಲ್ಲ, ವರ್ಣಭೇದದ ವಿರುದ್ಧ ಇನ್ನೂ ಹುಟ್ಟದೇ ಇರೋ ಕೇಸುಗಳ ಮೇಲೆ, ಅವುಗಳನ್ನ ನಡೆಸೋಕೆ ಲಾಯರುಗಳು ಬೇಕಿತ್ತು ಅಷ್ಟೆ. ಅವನ ಕಟ್ಟುನಿಟ್ಟಿಗೆ ಹುಡುಗರು ಹಿಂದಿನಿಂದ ಇಟ್ಟ ಹೆಸರು ‘ಸಿಮೆಂಟ್ ಪ್ಯಾಂಟು’. (ನಮ್ಮ ಲೆಕ್ಕದ ಮೇಷ್ಟ್ರಿಗೆ ಇಟ್ಟಿದ್ದು ನೆನಪಾಯ್ತಾ? ಇಲ್ಲಿ ಬರೀಬೇಡ.)

ಆ ಹುಡುಗರಲ್ಲಿ ಒಬ್ಬ ಥರ್ಗುಡ್ ಮಾರ್ಷಲ್. ಊರು ಬಾಲ್ಟಿಮೋರ್, ಅಲ್ಲೇ ಮೇರಿಲ್ಯಾಂಡ್ ಲಾ ಸ್ಕೂಲ್ ಇದೆ, ಆದ್ರೆ ಆಗ ಕಪ್ಪು ಜನಕ್ಕೆ ಸೀಟಿರ್ಲಿಲ್ಲ, ಹಾಗಾಗಿ ದಿನಾ ರೈಲಲ್ಲಿ ವಾಷಿಂಗ್ಟನ್ನಿಗೆ ಹೋಗಿ ಬರ್ತಿದ್ದ. 1933ರಲ್ಲಿ ಪಾಸಾದ. ಎರಡೇ ವರ್ಷಕ್ಕೆ ಮೇಷ್ಟ್ರು ಶಿಷ್ಯ ಇಬ್ರೂ ಪಕ್ಕಪಕ್ಕ ಕೂತು, ಡೊನಾಲ್ಡ್ ಮರ್ರೆ ಅನ್ನೋ ಕಪ್ಪು ಹುಡುಗನ ಸೀಟಿಗಾಗಿ ಅದೇ ಮೇರಿಲ್ಯಾಂಡ್ ಲಾ ಸ್ಕೂಲಿನ ವಿರುದ್ಧ ಕೇಸ್ ನಡೆಸಿ ಗೆದ್ರು. ಇದನ್ನ ಹೇಳುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತೆ, ಸ್ವಲ್ಪ ಆ್ಯಕ್ಟಿಂಗೂ ಇರುತ್ತೆ ಬಿಡು.

ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದ್ಲು, ‘ಸರ್, ನೀವ್ಯಾಕೆ ಪ್ರಾಕ್ಟೀಸ್ ಬಿಟ್ರಿ?’

‘ಒಬ್ಬ ಲಾಯರ್ ಆಗೋದಕ್ಕಿಂತ ನೂರು ಲಾಯರ್‌ಗಳನ್ನ ಮಾಡೋಣ ಅಂತ’ ಅಂದೆ. ಕ್ಲಾಸು ಚಪ್ಪಾಳೆ ತಟ್ಟಿತು. ಆ ರಾತ್ರಿ ನಿದ್ದೆ ಬರ್ಲಿಲ್ಲ.

ಹ್ಯೂಸ್ಟನ್ನೂ ಬಿಟ್ಟಿದ್ದಾನೆ ಕಣೋ, ಒಂದಲ್ಲ ಎರಡು ಸಲ. 1935ರಲ್ಲಿ ಕಾಲೇಜು ಬಿಟ್ಟು, ಕಪ್ಪು ಜನರ ಹಕ್ಕಿಗೆ ಹೋರಾಡೋ ಎನ್‌ಎಎಸಿಪಿ ಅನ್ನೋ ಸಂಘದ ಪರವಾಗಿ ಕೋರ್ಟಿಗಿಳಿದ. 1944ರಲ್ಲಿ ಉದ್ಯೋಗದಲ್ಲಿ ತಾರತಮ್ಯ ತಡೆಯೋ ಸರ್ಕಾರಿ ಸಮಿತಿಗೆ ಸೇರ್ದ, ವಾಷಿಂಗ್ಟನ್ನಿನ ಟ್ರಾಮ್ ಕಂಪನಿ ವಿರುದ್ಧ ಆ ಸಮಿತಿ ಆದೇಶ ಹೊರಡಿಸದ ಹಾಗೆ ಅಧ್ಯಕ್ಷ ಟ್ರೂಮನ್ ತಡೆದಾಗ 1945ರ ಡಿಸೆಂಬರಲ್ಲಿ ಬಹಿರಂಗವಾಗೇ ರಾಜೀನಾಮೆ ಬಿಸಾಕ್ದ. ಅವನು ಬಾಗಿಲು ಧಡಾರಂತ ಹಾಕಿ ಹೋದೋನು. ನಾನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋದೋನು.

ನಿಂಗೂ ಹೇಳಿರ್ಲಿಲ್ಲ. ಕೂಲಿ ಬಾಕಿಯ ಒಂದು ಕೇಸಿತ್ತು, ಒಬ್ಬಮ್ಮ. ಪ್ರತಿ ಡೇಟಿಗೂ ಪ್ಲಾಸ್ಟಿಕ್ ಕವರಲ್ಲಿ ಕಾಗದ ಸುತ್ಕೊಂಡು ಬರೋರು, ಪ್ರತಿ ಸಲ ಕವರ್ ಬಿಚ್ಚಿ ಎಲ್ಲಾ ತೋರಿಸಿ ಮತ್ತೆ ಮಡಚಿ ಇಡೋರು. ಒಂದು ದಿನ ಜಡ್ಜ್ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಫೈಲೇ ಓದಿರ್ಲಿಲ್ಲ. ಮುಂದಿನ ಡೇಟಿಗೆ ಹೋಗ್ಲಿಲ್ಲ, ಫೈಲನ್ನ ಜೂನಿಯರ್ ಕೈಗಿಟ್ಟೆ, ಆಮೇಲೆ ಪಾಠ ಹೇಳೋ ಕೆಲಸಕ್ಕೆ ಅಪ್ಲಿಕೇಶನ್ ಹಾಕ್ದೆ. ಆ ಕೇಸ್ ಏನಾಯ್ತು ಅಂತ ಇವತ್ತಿನವರೆಗೂ ವಿಚಾರಿಸಿಲ್ಲ.

ಹ್ಯೂಸ್ಟನ್ 54ಕ್ಕೇ ಹೋಗ್ಬಿಟ್ಟ, 1950ರಲ್ಲಿ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಅನ್ನೋದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ ಬ್ರೌನ್ ಕೇಸನ್ನ ಮಾರ್ಷಲ್ ಗೆದ್ದಿದ್ದು 1954ರಲ್ಲಿ, ಮೇಷ್ಟ್ರು ನೋಡ್ಲೇ ಇಲ್ಲ.

ಅಯ್ಯೋ, ಛತ್ರಿ ಬಗ್ಗೆ ತಮಾಷೆ ಮಾಡೋಣ ಅಂತ ಕೂತೋನು ಎಲ್ಲಿಗೋ ಹೋದೆ. ಕರೀ ಕೋಟು ಇನ್ನೂ ಬೀರುವಲ್ಲಿದೆ, ನಿನ್ನೆ ಹಾಕಿ ನೋಡ್ದೆ, ಬಟನ್ನೇ ಕೂರ್ತಿಲ್ಲ. ಇದನ್ನ ಓದಿ ಬರೀ ಹೆಬ್ಬೆರಳು ಒತ್ತಿ ಹೋಗ್ಬೇಡ, ಫೋನ್ ಮಾಡು. ರಾತ್ರಿ ಹತ್ತರ ಮೇಲೆ, ಪೇಪರ್ ತಿದ್ದೋದಿದೆ, ಎಲ್ಲರನ್ನೂ ಪಾಸ್ ಮಾಡ್ತಿದೀನಿ.

ಇಂತಿ ನಿನ್ನ,
ಮೂರನೇ ಬೆಂಚು