ಸಾಲಗಾಮೆ ರಸ್ತೆಯ ಬಾಣಲೆಗಳು

ಕಳೆದ ಡಿಸೆಂಬರಿನಲ್ಲಿ ಹಾಸನಕ್ಕೆ ಹೋಗಿದ್ದೆ. ನನ್ನ ಎರಡೂ ಕೈಗಳು ನೆನೆದ ಅವರೆಕಾಳು ಹಿದುಕುವುದರಲ್ಲಿದ್ದವು. ಅಕ್ಕನ ಮಗಳು ಮೊಬೈಲ್ ಹಿಡಿದು ಒಂದೊಂದೇ ಪ್ರಶ್ನೆ ಓದುತ್ತಿದ್ದಳು. ಎಲ್ಲಕ್ಕೂ ಉತ್ತರ ಕೊಟ್ಟರೆ ನಮ್ಮ ಸ್ವಭಾವ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಹೊರಬೀಳುತ್ತದಂತೆ. ‘ಮಾವ, ನೀವು ಅಂತರ್ಮುಖಿ, ಲೆಕ್ಕಾಚಾರದವರು. ವೈಜ್ಞಾನಿಕ ಕಾದಂಬರಿ ಬರೆಯುವವರೆಲ್ಲ ನಿಮ್ಮ ಗುಂಪಿನವರೇ’ ಎಂದಳು. ಒಲೆಯ ಮುಂದಿನಿಂದ ಅಕ್ಕ, ‘ಸಿಪ್ಪೆಯೂ ಬೇಳೆಯ ಪಾತ್ರೆಗೇ ಬೀಳುತ್ತಿದೆ, ನೋಡಿಕೊಂಡು ಹಿದುಕು’ ಎಂದಳು.

ಲೋಕದವರನ್ನೆಲ್ಲ ಹದಿನಾರು ಗೂಡುಗಳಲ್ಲಿ ಕೂರಿಸುವ ಈ ಪರೀಕ್ಷೆಯಲ್ಲಿ ನನಗೆ ನಂಬಿಕೆಯಿಲ್ಲ. ಜಾತಕದ ಹನ್ನೆರಡು ಮನೆಗಳಿಗೆ ಇನ್ನು ನಾಲ್ಕು ಸೇರಿಸಿದಂತಾಯಿತು, ಅಷ್ಟೇ. ಆದರೂ ಇಂಗ್ಲೆಂಡಿನ ವೈಜ್ಞಾನಿಕ ಕಾದಂಬರಿಕಾರ ಆರ್ಥರ್ ಸಿ. ಕ್ಲಾರ್ಕ್ ಅವರನ್ನು ಯಾವ ಗೂಡಿಗೆ ಹಾಕುವುದು ಎಂದು ಆ ರಾತ್ರಿ ತಲೆ ಕೆಡಿಸಿಕೊಂಡೆ. ಕಾರಣ, ಹಾಸನದ ನಮ್ಮ ಸಾಲಗಾಮೆ ರಸ್ತೆ.

ಉಪಗ್ರಹಗಳನ್ನು ನೋಡಿಕೊಳ್ಳಲು ಇಸ್ರೋ 1982ರಲ್ಲಿ ಶುರುಮಾಡಿದ ಮುಖ್ಯ ನಿಯಂತ್ರಣ ಕೇಂದ್ರವಿರುವುದು ಆ ರಸ್ತೆಯಲ್ಲಿ. ಬಾನಿಗೆ ಬಾಯಿ ತೆರೆದ ಅಲ್ಲಿನ ಬಿಳಿ ಆಂಟೆನಾಗಳನ್ನು ನನ್ನ ಅಜ್ಜಿ ‘ದೇವರ ಬಾಣಲೆ’ ಎನ್ನುತ್ತಿದ್ದರು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಏರಿಸಿದ ಉಪಗ್ರಹ ಭೂಮಿಯ ಜೊತೆಜೊತೆಗೇ ದಿನಕ್ಕೊಂದು ಸುತ್ತು ಹಾಕುತ್ತದೆ. ಕೆಳಗಿರುವ ನಮಗೆ ಅದು ನಿಂತಲ್ಲೇ ನಿಂತಂತೆ. ಅಂಥ ಮೂರಿದ್ದರೆ ಹೆಚ್ಚುಕಡಿಮೆ ಇಡೀ ಲೋಕಕ್ಕೆ ಸುದ್ದಿ ಮುಟ್ಟಿಸಬಹುದು ಎಂದು 1945ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರೇಡಿಯೋ ಪತ್ರಿಕೆಯೊಂದರಲ್ಲಿ ಲೆಕ್ಕ ಸಮೇತ ಬರೆದವರು ಕ್ಲಾರ್ಕ್. ಆಗ ಅವರಿಗೆ 27 ವರ್ಷ. ಯುದ್ಧಕ್ಕೆ ಮೊದಲು ಅವರು ಸರ್ಕಾರಿ ಲೆಕ್ಕಪರಿಶೋಧಕರು, ಯುದ್ಧದಲ್ಲಿ ವಾಯುಪಡೆಯ ರೇಡಾರ್ ನೋಡಿಕೊಂಡವರು. ಇಷ್ಟು ಲೆಕ್ಕ ಬಲ್ಲವರು ಪೇಟೆಂಟ್ ಮಾಡಿಸಲಿಲ್ಲ. ಬಿಡುವಿನ ವೇಳೆಯಲ್ಲಿ ನೂರು ಕೋಟಿ ಡಾಲರ್ ಕಳೆದುಕೊಂಡೆ ಎಂದು ಆಮೇಲೆ ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು.

ಅಂತರ್ಮುಖಿಯೇ? ಗೆಳೆಯರಿಟ್ಟ ಅಡ್ಡಹೆಸರು ‘ಈಗೋ’. ಅವರು ಅದನ್ನು ಮುಚ್ಚಿಡದೆ, ಪರಿಚಿತರಿಗೆ ವರ್ಷಕ್ಕೊಮ್ಮೆ ಕಳಿಸುತ್ತಿದ್ದ ಸುತ್ತೋಲೆಗೆ ‘ಈಗೋಗ್ರಾಂ’ ಎಂದೇ ಹೆಸರಿಟ್ಟರು. ವರದಿಯ ನೆಪದಲ್ಲಿ ತಮ್ಮ ಸುದ್ದಿಯನ್ನೇ ತುಂಬಿ ಕಳಿಸುವ ನಮ್ಮಲ್ಲಿ ಕೆಲವರು, ನಾನೂ ಸೇರಿ, ಈ ಪ್ರಾಮಾಣಿಕತೆಯನ್ನು ಕಲಿಯಬಹುದು.

1956ರಲ್ಲಿ ಕಡಲಾಳದ ಈಜಿನ ಹುಚ್ಚು ಹತ್ತಿ ಸಿಲೋನಿಗೆ (ಇಂದಿನ ಶ್ರೀಲಂಕಾ) ಹೋದವರು 2008ರಲ್ಲಿ ತೀರಿಕೊಂಡದ್ದೂ ಅಲ್ಲೇ. ಊರು ಬಿಟ್ಟು ದೂರ ನೆಲೆಸಿ ‘ಇನ್ನೆರಡು ವರ್ಷ, ಆಮೇಲೆ ಊರಿಗೆ’ ಎನ್ನುವ ನಮ್ಮವರಿಗೆ ಇದರ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. 1975ರಲ್ಲಿ ರಾಯಚೂರು, ಬಿಜಾಪುರ, ಗುಲ್ಬರ್ಗದ ಹಳ್ಳಿಗಳೂ ಸೇರಿದಂತೆ ದೇಶದ ಸುಮಾರು 2,400 ಹಳ್ಳಿಗಳಿಗೆ ನಾಸಾದ ಉಪಗ್ರಹದ ಮೂಲಕ ಟಿವಿ ತೋರಿಸಿದಾಗ, ನಮ್ಮ ಎಂಜಿನಿಯರುಗಳು ಕೊಲಂಬೋದ ಅವರ ಮನೆಗೂ ಒಂದು ಬಾಣಲೆ ಕೂರಿಸಿಕೊಟ್ಟರು.

ಅವರ ಲೆಕ್ಕ ಒಂದು ಕಡೆ ತಪ್ಪಿತ್ತು. ಹಳೆಯ ರೇಡಿಯೋಗಳಲ್ಲಿರುತ್ತಿದ್ದ ಗಾಜಿನ ಬುರುಡೆಗಳಂಥ, ಸುಟ್ಟುಹೋದ ವಾಲ್ವ್‌ಗಳನ್ನು ಬದಲಿಸಲು ಮೇಲೆ ಜನ ವಾಸವಿರಬೇಕಾಗುತ್ತದೆ ಎಂದುಕೊಂಡಿದ್ದರು. ವಾಲ್ವ್‌ಗಳ ಕಾಲ ಮುಗಿಯಿತು, ಆದರೆ ಕಾವಲು ತಪ್ಪಲಿಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಮೆಲ್ಲಗೆ ಜಾಗ ಬಿಡುತ್ತದೆ. ಆಗಾಗ ಅದನ್ನು ತಳ್ಳಿ ಸ್ವಸ್ಥಾನಕ್ಕೆ ತರಬೇಕು. ಆ ಕಾವಲಿನವರಲ್ಲೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ರಾತ್ರಿ ಪಾಳಿಯಿದ್ದ ದಿನ ಮಫ್ಲರ್ ಸುತ್ತಿಕೊಂಡು, ಟಿಫನ್ ಕ್ಯಾರಿಯರನ್ನು ಸ್ಕೂಟರಿಗೆ ತೂಗುಹಾಕಿ, ಎರಡು ಸಲ ಒದ್ದರೂ ಹತ್ತದ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿಕೊಂಡೇ ಹೊರಡುತ್ತಿದ್ದರು.